ಅಪ್ಪನಿಗೆ ಶುಗರ್, ಕಾಲು ಜೋಮು, ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೊರಟಿದ್ದಾರೆ. ಏನು ಮಾಡಲಿ?

ಕೂಳೆಕಬ್ಬು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ವಿಷಯಕ್ಕೆ ಸಲಹೆ ಬೇಕಿತ್ತು. ವಯಸ್ಸು 61, ಊರು ಪಾಂಡವಪುರದ ಹತ್ತಿರ. ಕಬ್ಬು, ಭತ್ತ ಬೆಳೆಯುತ್ತಾರೆ. ಶುಗರ್ ಶುರುವಾಗಿ ಎಂಟೊಂಬತ್ತು ವರ್ಷ ಆಗಿರಬೇಕು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿರುವ ಮಾತ್ರೆ ಕೊಟ್ಟಿದ್ದಾರೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ.

ಈಚೆಗೆ ರಾತ್ರಿ ಹೊತ್ತು ಅಂಗಾಲು ಉರಿ ಅಂತಾರೆ. ಹೊದಿಕೆ ತಗುಲಿದರೂ ಆಗಲ್ಲ, ಕಾಲು ಆಚೆ ಹಾಕಿ ಮಲಗುತ್ತಾರೆ. ಹಗಲು ಜೋಮು. ನಡೆದರೆ ಹತ್ತಿ ಮೇಲೆ ಕಾಲಿಟ್ಟ ಹಾಗೆ ಆಗುತ್ತದಂತೆ. ಹೋದ ಭಾನುವಾರ ಗದ್ದೆಯಿಂದ ಬಂದಾಗ ಒಂದು ಕಾಲಲ್ಲಿ ಹವಾಯಿ ಚಪ್ಪಲಿಯೇ ಇರಲಿಲ್ಲ. ಎಲ್ಲಿ ಬಿಟ್ಟೆ ಅಪ್ಪ ಅಂದರೆ ‘ಕಾಲಲ್ಲೇ ಐತಲ್ಲ’ ಅಂದರು. ಆಮೇಲೆ ಬಗ್ಗಿ ನೋಡಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಈಗ ಶಿವರಾತ್ರಿಗೆ ಊರಿನವರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುತ್ತಾರಂತೆ. ಹರಕೆ, ಬರಿಗಾಲು. ‘ನೋವೇ ಇಲ್ಲ ಬುಡು ಮಗ, ಕಾಲು ಗಟ್ಟಿಯಾಗೈತೆ’ ಅಂತಾರೆ. ಅವ್ವನೂ ಅವರ ಕಡೆ. ಹೇಗೆ ತಡೆಯಲಿ?

ತಾಲ್ಲೂಕುನರ್ಸ್

ತಂಗಿ, ನೋವಿಲ್ಲ ಅನ್ನೋದೇ ಇಲ್ಲಿ ತೊಂದರೆ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಉದ್ದದ ನರಗಳು ಮೊದಲು ಕೆಡುತ್ತವೆ. ಅದಕ್ಕೇ ಕಾಲ್ಬೆರಳಿನಿಂದ ಶುರುವಾಗಿ ಮೇಲೆ ಬರುತ್ತದೆ, ಎರಡೂ ಕಾಲಿಗೆ. ಉರಿ, ಜೋಮು, ಸೂಜಿ ಚುಚ್ಚಿದಂಥ ನೋವು ಒಂದು ಹಂತ. ಆಮೇಲೆ ಉರಿಯೂ ಕಡಿಮೆಯಾಗುತ್ತದೆ. ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಸ್ಪರ್ಶವೇ ಹೋಗಿರುತ್ತದೆ. ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ ಅಂದರೆ ಅಪ್ಪ ಆ ಹಂತಕ್ಕೆ ಬಂದಿದ್ದಾರೆ ಅಂತಲೇ ಇಟ್ಟುಕೊಳ್ಳಿ.

ನಮ್ಮ ಕಡೆ ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ಎಷ್ಟು ಚೂಪು ಅಂತ ನಿಮಗೆ ಹೇಳಬೇಕಾಗಿಲ್ಲ. ಹವಾಯಿ ಚಪ್ಪಲಿ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಸ್ಪರ್ಶ ಇರುವವರು ಅಯ್ಯೋ ಅಂತ ಕೂರುತ್ತಾರೆ. ಇಲ್ಲದವರು ಸಂಜೆವರೆಗೂ ಅದರ ಮೇಲೇ ನಡೆಯುತ್ತಾರೆ. ನಮ್ಮಲ್ಲಿ ಡ್ರೆಸ್ಸಿಂಗಿಗೆ ಬರುವ ಎಷ್ಟೋ ಕಾಲುಗಳ ಕಥೆ ಇದೇ.

ಈ ವಾರ ಊರಿಗೆ ಹೋದಾಗ ಮೊದಲ ಕೆಲಸ ಅಪ್ಪನ ಕಾಲು ನೋಡುವುದು. ಬೆಳಕಿನಲ್ಲಿ ಕೂರಿಸಿ ಅಂಗಾಲು, ಹಿಮ್ಮಡಿ ಬಿರುಕು, ಬೆರಳ ಸಂದಿ ಎಲ್ಲ ನೋಡಿ. ನೀವಿಲ್ಲದ ದಿನ ಅವರೇ ಕೈಗನ್ನಡಿ ನೆಲದ ಮೇಲಿಟ್ಟು ನೋಡಿಕೊಳ್ಳಲಿ. ಚಳಿಗೆ ಅಂತ ಬಿಸಿನೀರಿನಲ್ಲಿ ಕಾಲು ಅದ್ದುವುದು, ಒಲೆ ಮುಂದೆ ಕಾಲು ಚಾಚುವುದು ಬೇಡ. ಆಣಿಯನ್ನು ಬ್ಲೇಡಿನಲ್ಲಿ ಕೆರೆಯುವುದೂ ಬೇಡ, ಅದಕ್ಕೆ ಅಂಟಿಸುವ ಪಟ್ಟಿಯೂ ಬೇಡ. ಕಾಲು ತೊಳೆದ ಮೇಲೆ ಬೆರಳ ಸಂದಿ ಒರೆಸಬೇಕು. ಒಣ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದಿಗೆ ಬೇಡ.

ಬರಿಗಾಲಿನ ಹರಕೆ ಮಾತ್ರ ಖಂಡಿತ ಬೇಡ. ಶಿವರಾತ್ರಿ ಹೊತ್ತಿಗೆ ಮಧ್ಯಾಹ್ನದ ಟಾರು ರಸ್ತೆ ಕಾದಿರುತ್ತದೆ. ಬೊಬ್ಬೆ ಎದ್ದಿದ್ದು ಬೆಟ್ಟ ಹತ್ತಿ ಇಳಿದ ಮೇಲೇ ಗೊತ್ತಾಗೋದು.

ಬಸ್ಸಾರುಪ್ರಿಯ

ಹೆದರಿಸಬೇಡಿ ಅಕ್ಕ. ನಮ್ಮ ಮಾವ ಮಾತ್ರೆ ಎಲ್ಲ ಬಿಟ್ಟು ಬೆಳಿಗ್ಗೆ ಹಾಗಲಕಾಯಿ ರಸ, ಮಧುನಾಶಿನಿ ಎಲೆ ತಗೊಳ್ತಾರೆ. ಅನ್ನ ಬಿಟ್ಟು ಬರೀ ಮುದ್ದೆ. ಸಕ್ಕರೆ ಬಿಟ್ಟು ಆಲೆಮನೆ ಬೆಲ್ಲ. ಆರಾಮಾಗಿದ್ದಾರೆ. ಮಾತ್ರೆ ಕಿಡ್ನಿ ತಿನ್ನುತ್ತೆ, ಅದು ಯಾರೂ ಹೇಳಲ್ಲ.

ಲ್ಯಾಬ್‌ಹುಡುಗ

ಬಸ್ಸಾರು ಅಣ್ಣ, ಆರಾಮಾಗಿದ್ದಾರೆ ಅಂದರೆ ಎಷ್ಟು ಇದೆ? ಎಚ್‌ಬಿಎ1ಸಿ ಅಂತ ರಕ್ತಪರೀಕ್ಷೆ ಇದೆ, ಮಾಡಿಸಿದ್ದಾರಾ? ಸಕ್ಕರೆ 200, 220 ಇದ್ದರೂ ಎಷ್ಟೋ ಜನಕ್ಕೆ ಏನೂ ಅನಿಸುವುದಿಲ್ಲ. ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು, ಕಾರಣವಿಲ್ಲದೆ ತೂಕ ಇಳಿಯೋದು, ಗಾಯ ಬೇಗ ಮಾಯದೇ ಇರೋದು, ಜನನಾಂಗದ ಹತ್ತಿರ ಮತ್ತೆ ಮತ್ತೆ ತುರಿಕೆ, ಇವೆಲ್ಲ ಬಂದಾಗ ಪರೀಕ್ಷೆಗೆ ಬರುವವರು ಇದ್ದಾರೆ. ಯಾವುದೂ ಇಲ್ಲದೆ ಬೇರೆ ಯಾವುದಕ್ಕೋ ರಕ್ತ ಕೊಟ್ಟು ಸಿಕ್ಕಿಬೀಳುವವರೂ ಅಷ್ಟೇ ಜನ.

ಲೆಕ್ಕ ಸುಲಭ. ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ 126 ಅಥವಾ ಜಾಸ್ತಿ ಬಂದರೆ ಮಧುಮೇಹ. 100ರಿಂದ 125 ಅದರ ಹೊಸ್ತಿಲು. ಎಚ್‌ಬಿಎ1ಸಿ 6.5 ಅಥವಾ ಜಾಸ್ತಿ ಬಂದರೂ ಮಧುಮೇಹವೇ. ಲಕ್ಷಣ ಇಲ್ಲದವರಿಗೆ ಇನ್ನೊಂದು ಸಲ ನೋಡಿ ಖಚಿತ ಮಾಡುತ್ತಾರೆ. ಮಧುಮೇಹ ಇರುವವರಿಗೆ ಎಚ್‌ಬಿಎ1ಸಿಗೆ ಸಾಮಾನ್ಯವಾಗಿ ಹೇಳುವ ಗುರಿ 7ರ ಒಳಗೆ. ವಯಸ್ಸಾದವರಿಗೆ, ಶುಗರ್ ಇಳಿದು ತಲೆಸುತ್ತು ಬರುವವರಿಗೆ ಡಾಕ್ಟರೇ ಸ್ವಲ್ಪ ಸಡಿಲ ಬಿಡುತ್ತಾರೆ.

ನಮ್ಮಲ್ಲಿ ಒಂದು ತಮಾಷೆ ನಡೆಯುತ್ತೆ. ಟೆಸ್ಟಿಗೆ ಎರಡು ದಿನ ಮುಂಚೆ ಪಥ್ಯ ಮಾಡಿ ಬರುತ್ತಾರೆ. ಫಾಸ್ಟಿಂಗ್ 118 ಬರುತ್ತೆ, ಖುಷಿ. ಪಕ್ಕದಲ್ಲೇ ಎಚ್‌ಬಿಎ1ಸಿ 9.4. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆ, ಎರಡು ಮೂರು ತಿಂಗಳ ಲೆಕ್ಕ ಹೇಳುತ್ತೆ. ಎರಡು ದಿನದ ಪಥ್ಯಕ್ಕೆ ಅದು ಬಗ್ಗಲ್ಲ. ರಕ್ತಹೀನತೆ ಇದ್ದರೆ ಮಾತ್ರ ಹೆಚ್ಚುಕಡಿಮೆ ತೋರಿಸಬಹುದು, ಮೊದಲೇ ಹೇಳಿ. ಊಟದ ನಂತರದ ರಕ್ತಪರೀಕ್ಷೆಗೆ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದಾಗಿನಿಂದ ಅಲ್ಲ. ಅವತ್ತು ಮಾತ್ರೆ ಎಂದಿನ ಹಾಗೇ ತಗೊಂಡಿರಬೇಕು.

ತಾಲ್ಲೂಕುನರ್ಸ್

ಮಧುನಾಶಿನಿ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ಗೊತ್ತಾಗಲ್ಲ, ಅದು ನಿಜ. ಬೇಕಿದ್ದರೆ ಅಗಿದು ಸಕ್ಕರೆ ಬಾಯಿಗೆ ಹಾಕಿ ನೋಡಿ. ಆದರೆ ನಾಲಿಗೆ ಮರೆತರೆ ರಕ್ತ ಮರೆಯುತ್ತಾ? ಹಾಗಲಕಾಯಿ ಪಲ್ಯ ತಿನ್ನಿ, ಯಾರು ಬೇಡ ಅಂದರು. ಮಾತ್ರೆ ಬಿಡಬೇಡಿ ಅನ್ನೋದಷ್ಟೇ ನನ್ನ ಮಾತು.

ಮುದ್ದೆಯಲ್ಲೂ ನಾರು, ಸುಣ್ಣದಂಶ ಚೆನ್ನಾಗಿದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನಮ್ಮ ಮಂಡ್ಯದ ಮುದ್ದೆ ಗಾತ್ರ ನೋಡಿದವರು ಅದನ್ನು ಡಯಟ್ ಅನ್ನಲ್ಲ. ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರಿನ ಸೊಪ್ಪು, ಕಾಳು ಧಾರಾಳವಾಗಿ, ಇದು ಒಳ್ಳೆಯ ಊಟ. ಎರಡು ಮುದ್ದೆ ಮೇಲೆ ಅನ್ನ ಅಂದರೆ ಲೆಕ್ಕ ತಪ್ಪಿತು. ಬೆಲ್ಲ ಹೆಚ್ಚುಕಡಿಮೆ ಸಕ್ಕರೆಯೇ. ಸಕ್ಕರೆ ನಾಡಿನಲ್ಲಿ ಇದನ್ನು ಒಪ್ಪಿಸೋದು ಕಷ್ಟ, ಗೊತ್ತು.

ಮಾತ್ರೆ ಕಿಡ್ನಿ ತಿನ್ನುತ್ತೆ ಅನ್ನೋದಕ್ಕೆ ಬೇರೆಯಾಗಿ ಬರೆಯುತ್ತೇನೆ, ಡ್ಯೂಟಿ ಮುಗಿಯಲಿ.

ನಿವೃತ್ತಮೇಷ್ಟ್ರು

ಕಾಲಿನ ಜೊತೆ ಕಣ್ಣನ್ನೂ ನೋಡಿಸಿ ಮಗಳೇ. ನನಗೆ ಪೇಪರ್ ಕನ್ನಡಕದಲ್ಲಿ ಸಲೀಸಾಗಿ ಓದಲು ಬರುತ್ತಿತ್ತು. ದೂರದ ಬಸ್ ಬೋರ್ಡೂ ಕಾಣುತ್ತಿತ್ತು. ಶುಗರ್ ಡಾಕ್ಟರ್ ವರ್ಷದ ತಪಾಸಣೆ ಅಂತ ಕಣ್ಣಿಗೆ ಕಳಿಸಿದರು. ಗೋಡೆಯ ಅಕ್ಷರ ಕೊನೆಯ ಸಾಲಿನವರೆಗೂ ಓದಿದೆ. ಆಮೇಲೆ ಪಾಪೆ ಹಿಗ್ಗಿಸುವ ಹನಿ ಹಾಕಿ ಹಿಂದಿನ ಪರದೆ ನೋಡಿದರು. ಅಲ್ಲಿ ಅಲ್ಲಲ್ಲಿ ರಕ್ತ ಜಿನುಗಿತ್ತು. ಫೋಟೋದಲ್ಲಿ ತೋರಿಸಿದರು, ಕಿತ್ತಳೆ ಬಣ್ಣದ ಪರದೆ ಮೇಲೆ ಕೆಂಪು ಚುಕ್ಕಿ. ಲೇಸರ್ ಆಯಿತು. ಇವತ್ತಿಗೂ ಓದುತ್ತಿದ್ದೇನೆ.

ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸುವುದು ಬೇರೆ, ಇದು ಬೇರೆ. ದೊಡ್ಡವರಿಗೆ ಬರುವ ಸಾಮಾನ್ಯ ಶುಗರ್ ಆದರೆ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜು, ಬಿಸಿಲು ಚುಚ್ಚುತ್ತದೆ. ಅಪ್ಪ ಬೈಕಿನಲ್ಲಿ ಒಬ್ಬರೇ ಹೋಗುವುದು ಬೇಡ. ಕಣ್ಣ ಮುಂದೆ ದಿಢೀರನೆ ಕಪ್ಪು ಚುಕ್ಕಿಗಳು ತೇಲಿದರೆ, ಪರದೆ ಇಳಿದ ಹಾಗಾದರೆ ವರ್ಷದ ತಪಾಸಣೆಗೆ ಕಾಯದೆ ಅವತ್ತೇ ಹೋಗಬೇಕು.

ಆಟೋಸಬರ್ಬನ್

ಎಲ್ಲರೂ ಜಾಸ್ತಿ ಆಗೋದರ ಬಗ್ಗೆಯೇ ಬರೀತಿದ್ದೀರಿ. ಕಡಿಮೆ ಆದರೆ? ನನಗೂ ಅದೇ ಗ್ಲಿಮೆಪಿರೈಡ್. ದಸರಾ ಟೈಮಲ್ಲಿ ಬಾಡಿಗೆ ಮೇಲೆ ಬಾಡಿಗೆ. ಬೆಳಿಗ್ಗೆ ಮಾತ್ರೆ ನುಂಗಿದ್ದೆ, ತಿಂಡಿ ಅರ್ಧ. ಮಧ್ಯಾಹ್ನ ಸಯ್ಯಾಜಿರಾವ್ ರಸ್ತೆ ಟ್ರಾಫಿಕ್ಕಲ್ಲಿ ಕೈ ನಡುಗೋಕೆ ಶುರು. ಮೈಯೆಲ್ಲ ತಣ್ಣನೆ ಬೆವರು, ಎದೆ ಡವಡವ. ಹಿಂದೆ ಕೂತವರು ಏನೋ ಕೇಳ್ತಿದ್ದಾರೆ, ತಲೆಗೆ ಹೋಗ್ತಿಲ್ಲ. ಸುಮ್ನೆ ಸಿಟ್ಟು ಬರ್ತಿದೆ. ಸೈಡಿಗೆ ಹಾಕಿ ಬಾಕ್ಸಲ್ಲಿದ್ದ ಗ್ಲೂಕೋಸ್ ಪುಡಿ ನೀರಿಗೆ ಹಾಕ್ಕೊಂಡು ಕುಡಿದೆ. ಆ ಪ್ಯಾಸೆಂಜರ್ ಪಾಪ ಒಳ್ಳೆಯವರು, ಬಾಳೆಹಣ್ಣು ತಂದುಕೊಟ್ಟರು. ಮುಕ್ಕಾಲು ಗಂಟೆ ಗಾಡಿ ತೆಗೀಲಿಲ್ಲ.

ಅಪ್ಪನಿಗೂ ಹೇಳಿ. ಹರಕೆ, ಉಪವಾಸ ಅಂತ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿ ಮೈಲಿಗಟ್ಟಲೆ ನಡೆದರೆ ಇದೇ ಆಗೋದು.

ತಾಲ್ಲೂಕುನರ್ಸ್

ಆಟೋ ಅಣ್ಣ ಹೇಳಿದ್ದು ಶಿವರಾತ್ರಿ ಉಪವಾಸದವರೆಲ್ಲ ಓದಬೇಕು. 70ರ ಕೆಳಗೆ ಹೋದರೆ ಕಡಿಮೆ. ಮೀಟರ್ ಇಲ್ಲದಿದ್ದರೂ ಲಕ್ಷಣ ಕಂಡರೆ ಕಾಯಬೇಡಿ. 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷ ಬಿಟ್ಟು ನೋಡಿ, ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಊಟ ಮಾಡಲೇಬೇಕು. ಗ್ಲಿಮೆಪಿರೈಡ್ ಪ್ರಭಾವ ಗಂಟೆಗಟ್ಟಲೆ ಇರುತ್ತೆ, ಮತ್ತೆ ಇಳಿಯಬಹುದು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತಗೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡಲ್ಲ, ಗ್ಲೂಕೋಸೇ ಬೇಕು. ಆ ಮಾತ್ರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತೆ. ನಿಮ್ಮ ಚೀಟಿ ನೋಡಿಕೊಳ್ಳಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಹಾಲು, ಬೆಲ್ಲ ಏನೂ ಹಾಕಬೇಡಿ. ಶ್ವಾಸಕೋಶಕ್ಕೆ ಹೋಗುತ್ತೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಊರಲ್ಲಿ ‘ಕುಡಿದು ಬಿದ್ದವ್ನೆ’ ಅಂತ ಬಿಟ್ಟು ಹೋಗಿರುವುದನ್ನೂ ನೋಡಿದ್ದೇನೆ.

ಈಗ ಕಿಡ್ನಿ ವಿಷಯ. ಬಸ್ಸಾರು ಅವರೇ, ಕಿಡ್ನಿ ಕೆಡಿಸುವುದು ಹೆಚ್ಚಿನಂಶ ಹತೋಟಿ ತಪ್ಪಿದ ಸಕ್ಕರೆ ಮತ್ತು ಬಿಪಿ. ಕಿಡ್ನಿ ಬಹಳ ಕೆಟ್ಟ ಮೇಲೆ ಮೆಟ್‌ಫಾರ್ಮಿನ್ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಜನ ಅದನ್ನು ನೋಡಿ ಮಾತ್ರೆಯಿಂದಲೇ ಕೆಟ್ಟಿತು ಅಂದುಕೊಳ್ಳುತ್ತಾರೆ. ನಿಜವಾಗಿ ಭಯಪಡಬೇಕಾಗಿರುವುದು ಮಂಡಿನೋವಿಗೆ, ಸೊಂಟಕ್ಕೆ ಅಂತ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗೆ. ನಾಟಿ ಸೀಸನ್ನಲ್ಲಿ ದಿನಾ ಒಂದು ನುಂಗುವವರಿದ್ದಾರೆ.

ಮೂತ್ರದಲ್ಲಿ ನೊರೆ, ಕಾಲೂತ ಬರುವಷ್ಟರಲ್ಲಿ ತಡವಾಗಿರುತ್ತೆ. ರಕ್ತದ ಕ್ರಿಯಾಟಿನಿನ್ ಮೊದಲೆಲ್ಲ ಸರಿಯಾಗೇ ಕಾಣುತ್ತೆ. ಮೊದಲು ಸುಳಿವು ಕೊಡುವುದು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. 30ರ ಒಳಗಿದ್ದರೆ ಸರಿ. ಇದನ್ನೂ ವರ್ಷಕ್ಕೊಮ್ಮೆ ಕೇಳಿ ಮಾಡಿಸಿ. ಕೇಳದಿದ್ದರೆ ಬರೆಯದ ಡಾಕ್ಟರೂ ಇದ್ದಾರೆ, ಏನು ಮಾಡೋದು.

ಕೂಳೆಕಬ್ಬು

ಊರಿಗೆ ಹೋಗಿ ಬಂದೆ. ಕಾಲು ನೋಡಿದೆ. ಬಲ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ ಹಳದಿ ದಪ್ಪ ಚರ್ಮ, ನಡುವೆ ಕಪ್ಪು ಚುಕ್ಕಿ. ಅಪ್ಪ ‘ಆಣಿ’ ಅಂದರು. ಒತ್ತಿದರೆ ನೀರು ಬಂತು. ಅವರಿಗೆ ಏನೂ ಗೊತ್ತಾಗಲಿಲ್ಲ, ನನ್ನ ಮುಖ ನೋಡುತ್ತಾ ಕೂತಿದ್ದರು.

ಮಾರನೇ ದಿನವೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಪ್ಪ ಚರ್ಮ ಕತ್ತರಿಸಿ ತೆಗೆದರು. ಕೆಳಗೆ ಹುಣ್ಣು. ಮೂಳೆವರೆಗೆ ಹೋಗಿಲ್ಲ ಅಂತ ಎಕ್ಸ್‌ರೇ ನೋಡಿ ಹೇಳಿದರು. ಮೀನಿನ ಗಾಳದ ದಾರದಂಥ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ‘ಗೊತ್ತಾದಾಗ ಹೂಂ ಅನ್ನಿ’ ಅಂದರು. ಅಪ್ಪ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು. ಡಾಕ್ಟರ್ ಅಷ್ಟರಲ್ಲಿ ಹತ್ತು ಕಡೆ ಒತ್ತಿ ಮುಗಿಸಿದ್ದರು. ಎರಡು ಕಡೆ ಮಾತ್ರ ಹೂಂ ಅಂದಿದ್ದು. ಎಚ್‌ಬಿಎ1ಸಿ 9.8.

ಹರಕೆ ಮಾತು ಅಪ್ಪನೇ ಎತ್ತಿದರು. ಡಾಕ್ಟರ್ ಬೈಯಲಿಲ್ಲ. ‘ಮಾದಪ್ಪ ಎಲ್ಲೂ ಹೋಗಲ್ಲ ಯಜಮಾನ್ರೇ, ಗಾಯ ಮಾಯಲಿ, ಬಸ್ಸಲ್ಲಿ ಹೋಗಿ’ ಅಂದರು. ಅಪ್ಪ ಸುಮ್ಮನಾದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ನಮ್ಮ ಮಾತಿಗಿಂತ ಆ ನೈಲಾನ್ ದಾರ ಜಾಸ್ತಿ ಕೆಲಸ ಮಾಡಿದೆ.

ತಾಲ್ಲೂಕುನರ್ಸ್

ಒಳ್ಳೆಯ ಕೆಲಸ ಮಾಡಿದಿರಿ. ಅದು 10 ಗ್ರಾಂ ಒತ್ತಡಕ್ಕೆ ಬಗ್ಗುವ ಎಳೆ. ಅದು ತಿಳಿಯದ ಜಾಗ ಇದ್ದರೆ ಆ ಪಾದಕ್ಕೆ ರಕ್ಷಣೆ ಇಲ್ಲ ಅಂತ ಲೆಕ್ಕ. ಹುಣ್ಣು ಮಾಯಲು ಮುಲಾಮಿಗಿಂತ ಮುಖ್ಯ ಅದರ ಮೇಲೆ ಭಾರ ಬೀಳದೆ ಇರುವುದು. ಗದ್ದೆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಕೆಂಪು ಮೇಲೇರಿದರೆ, ವಾಸನೆ, ಕೀವು, ಜ್ವರ, ಬೆರಳು ಕಪ್ಪಾಗುವುದು, ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ.

ಮಾಯ್ದ ಮೇಲೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿಸಿ. ಒಳಗೆ ಮೆತ್ತಗೆ, ಹೊರಗೆ ಗಟ್ಟಿ, ಹಿಂದೆ ಪಟ್ಟಿ ಇರಬೇಕು. ಪಟ್ಟಿ ಇದ್ದರೆ ಜಾರಲ್ಲ. ಮನೆ ಒಳಗೂ ಹಾಕಿಕೊಳ್ಳಲಿ. ಹಾಕುವ ಮುಂಚೆ ಕೈಯಾಡಿಸಿ ಕಲ್ಲು, ಮುಳ್ಳು ಇದೆಯಾ ನೋಡಲಿ.

ಇನ್ನೊಂದು. ಯಾವತ್ತಾದರೂ ಒಂದೇ ಪಾದ ಊದಿ, ಬಿಸಿಯಾಗಿ, ಕೆಂಪಾಗಿ, ನೋವು ಅಷ್ಟಾಗಿ ಇಲ್ಲದಿದ್ದರೆ ಉಳುಕು ಅಂತ ಎಣ್ಣೆ ನೀವಿಸಬೇಡಿ. ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ಶಾರ್ಕೋ ಪಾದ ಅಂತಾರೆ. ನಡೆದಷ್ಟೂ ಪಾದದ ಆಕಾರವೇ ಹೋಗುತ್ತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡಿರುವುದರಿಂದ ಬಿ12 ಕೂಡ ನೋಡಿಸಿ, ಅದು ಕಡಿಮೆಯಾದರೂ ಜೋಮು ಬರುತ್ತೆ.

ಬಸ್ಸಾರುಪ್ರಿಯ

ಮಾವನಿಗೆ ನಿನ್ನೆ ಎಚ್‌ಬಿಎ1ಸಿ ಮಾಡಿಸಿದ್ವಿ. 10.2. ಏನೂ ಕೇಳಬೇಡಿ.

ಲ್ಯಾಬ್‌ಹುಡುಗ

ಕೇಳಲ್ಲ ಅಣ್ಣ. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ದೀರ್ಘಕಾಲದ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ, ಶುಗರ್, ಬಿಪಿ ಮಾತ್ರೆ ಅಲ್ಲೇ ಉಚಿತ. ಹಾಗಲಕಾಯಿ ಪಲ್ಯ ಮುಂದುವರಿಯಲಿ.

ಕುಕ್ಕರಹಳ್ಳಿವಾಕ್

ಯಾರೂ ಎದೆ ವಿಷಯ ಹೇಳಿಲ್ಲ. ನಮ್ಮ ವಾಕಿಂಗ್ ಗುಂಪಿನ ಹಿರಿಯರೊಬ್ಬರಿಗೆ ಕೆರೆ ಏರಿ ಮೇಲೆ ಸುಮ್ನೆ ಉಸಿರು ಕಟ್ಟಿತು, ಬೆವರಿತು. ಎದೆನೋವು ಸ್ವಲ್ಪವೂ ಇರಲಿಲ್ಲ. ಗ್ಯಾಸ್ ಅಂದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್. ಶುಗರ್ ಇರುವವರಿಗೆ ನೋವಿಲ್ಲದೆಯೂ ಬರಬಹುದಂತೆ. ಈಗ ಗುಂಪಿನಲ್ಲಿ ಯಾರಾದರೂ ‘ಗ್ಯಾಸ್’ ಅಂದರೆ ಮೊದಲು ಇಸಿಜಿ, ಆಮೇಲೆ ಸೋಡಾ.

ಐದನೇಕ್ಲಾಸ್ಅಮ್ಮ

ನಮ್ಮದು ಬೇರೆ ಥರ. ಮಗಳಿಗೆ ಟೈಪ್ 1 ಶುಗರ್, ವಯಸ್ಸು ಹತ್ತು, ಇನ್ಸುಲಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ಶುರುವಾದಾಗ ರಾತ್ರಿ ಹಾಸಿಗೆ ಒದ್ದೆ ಮಾಡೋಕೆ ಶುರು ಮಾಡಿದಳು, ನೀರಿನ ಬಾಟಲಿ ಕೈ ಬಿಡುತ್ತಿರಲಿಲ್ಲ, ಯೂನಿಫಾರಂ ಸಡಿಲವಾಯಿತು. ಆಮೇಲೆ ವಾಂತಿ, ಹೊಟ್ಟೆನೋವು, ಏದುಸಿರು, ಬಾಯಿಂದ ಹಣ್ಣಿನ ವಾಸನೆ. ಐಸಿಯುನಲ್ಲಿ ಇಟ್ಟು ಉಳಿಸಿಕೊಟ್ಟರು. ಮಕ್ಕಳಲ್ಲಿ ಇಂಥದ್ದು ಕಂಡರೆ ಜಂತುಹುಳು, ದೃಷ್ಟಿ ಅಂತ ಕೂರಬೇಡಿ. ಬೆರಳು ಚುಚ್ಚಿ ನೋಡಲು ಒಂದು ನಿಮಿಷ ಸಾಕು. ವಾಂತಿಯಾಗಿ ಊಟ ಮಾಡದ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಬೇಕು.

ನಾಗಮಂಗಲದವ

ಇನ್ಸುಲಿನ್ ಅಂದಾಗ ನೆನಪಾಯಿತು. ನಮ್ಮಜ್ಜಿಗೆ ಹೋದ ತಿಂಗಳಿಂದ ಶುರು ಮಾಡಿದ್ದಾರೆ. ಮನೆಯಲ್ಲಿ ಫ್ರಿಜ್ ಇಲ್ಲ. ಡೋಸ್ ಎರಡು ಸಲ ಏರಿಸಿದರೂ ಶುಗರ್ ಇಳೀತಾ ಇಲ್ಲ. ಬಾಟಲಿ ಕೆಟ್ಟಿರಬಹುದಾ?

ತಾಲ್ಲೂಕುನರ್ಸ್

ಬಳಸುತ್ತಿರುವ ಬಾಟಲಿ ತಂಪಾದ ಜಾಗದಲ್ಲಿ ಸಾಮಾನ್ಯವಾಗಿ 28 ದಿನ ತಡೆಯುತ್ತೆ. ಹೊಸ ಮಡಕೆಯಲ್ಲಿ ನೀರು ಹಾಕಿ, ಬಾಟಲಿಯನ್ನು ಡಬ್ಬಿಯಲ್ಲಿ ಮುಚ್ಚಿ ಅದರೊಳಗಿಡಿ. ಬಿಸಿಲು, ಒಲೆ ಹತ್ತಿರ ಬೇಡ. ಫ್ರಿಜ್ ಇದ್ದವರೂ ಐಸ್ ಕಟ್ಟುವ ಜಾಗದಲ್ಲಿ ಇಡಬಾರದು. ಒಂದೇ ಜಾಗಕ್ಕೆ ದಿನಾ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿಂದಲೂ ಔಷಧಿ ಸರಿಯಾಗಿ ಹೀರಲ್ಲ, ಕೈಯಿಂದ ಮುಟ್ಟಿ ನೋಡಿ.

ಬಾಟಲಿ ಮೇಲೆ 40 ಅಂತ ಇದೆಯಾ, 100 ಅಂತ ಇದೆಯಾ? ಒಂದು ಎಂಎಲ್‌ಗೆ ಎಷ್ಟು ಯೂನಿಟ್ ಅನ್ನೋ ಲೆಕ್ಕ ಅದು. ಸಿರಿಂಜಿನ ಮುಚ್ಚಳ ಯಾವ ಬಣ್ಣ?

ನಾಗಮಂಗಲದವ

ಬಾಟಲಿ 40. ಮುಚ್ಚಳ ಕಿತ್ತಳೆ. 20ರ ಗೆರೆವರೆಗೆ ಎಳೆದು ಹಾಕ್ತೀವಿ.

ತಾಲ್ಲೂಕುನರ್ಸ್

ಸಿಕ್ಕಿತು. ಕಿತ್ತಳೆ ಮುಚ್ಚಳದ್ದು 100ರ ಸಿರಿಂಜ್. 40ರ ಬಾಟಲಿಗೆ ಕೆಂಪು ಮುಚ್ಚಳದ್ದು ಬೇಕು. ಈಗ 20ರ ಗೆರೆಗೆ ಎಳೆದರೆ ಒಳಗೆ ಹೋಗುತ್ತಿರುವುದು 8 ಯೂನಿಟ್ ಮಾತ್ರ. ಆದರೆ ಗಡಿಬಿಡಿಯಲ್ಲಿ ಕೆಂಪು ಸಿರಿಂಜ್ ತಂದು ಅದೇ 20 ಹಾಕಿಬಿಡಬೇಡಿ. ಶುಗರ್ ಇಳೀತಿಲ್ಲ ಅಂತ ಏರಿಸಿದ ಡೋಸ್ ಅದು, ಒಮ್ಮೆಲೇ ಪೂರ್ತಿ ಹೋದರೆ ಅಜ್ಜಿಗೆ ಕಡಿಮೆಯಾಗಿಬಿಡುತ್ತೆ. ಬಾಟಲಿ, ಸಿರಿಂಜ್, ಚೀಟಿ ಮೂರನ್ನೂ ತಗೊಂಡು ಇವತ್ತೇ ಡೋಸ್ ಬರೆದ ಡಾಕ್ಟರ್ ಹತ್ತಿರ ಹೋಗಿ, ಇಷ್ಟು ದಿನ ಈ ಸಿರಿಂಜಿನಲ್ಲಿ ಹಾಕಿದೆವು ಅಂತ ಹೇಳಿ ಹೊಸದಾಗಿ ಬರೆಸಿಕೊಳ್ಳಿ.

ನಾಗಮಂಗಲದವ

ಈಗಲೇ ಹೊರಟೆ ಅಕ್ಕ. ಅಂಗಡಿಯವನೇ ಆ ಸಿರಿಂಜ್ ಕೊಟ್ಟಿದ್ದು, ಬರುವಾಗ ಅವನಿಗೂ ಒಂದು ಮಾತು ಹೇಳಿಯೇ ಬರ್ತೀನಿ.